ಏಕಾರವೂ ‘ಓನ್ಲಿ’ಯೂ

ಇಂಗ್ಲಿಷಿನಲ್ಲಿ ‘ಓನ್ಲಿ’ ಎಂಬ ಒಂದು ಚಿಕ್ಕ ಮಾತಿದೆ. ಇಂಗ್ಲಿಷ್ ಬಾರದವರ ಬಾಯಲ್ಲಿಯೂ ಅದು ಓಡಾಡುತ್ತದೆ. ‘ಹತ್ತು ರೂಪಾಯಿ ಓನ್ಲಿ’ ಎಂದು ಕಾಯಿಪಲ್ಲೆ ಮಾರುವವನು ಕೂಗುತ್ತಾನೆ. ‘ಟುಡೇ ಓನ್ಲಿ ಬರ್ತೀನಿ’ ಎಂದು ಮೊಮ್ಮಗ ಮೊಬೈಲಿನಲ್ಲಿ ಸಂದೇಶ ಕಳಿಸುತ್ತಾನೆ. ಅದರ ಅರ್ಥವೇನೆಂದು ಕೇಳಿದರೆ ಐದನೆಯ ಇಯತ್ತೆಯ ಹುಡುಗನೂ ‘ಮಾತ್ರ’ ಎಂದು ತಡೆಯಿಲ್ಲದೆ ಹೇಳುತ್ತಾನೆ. ಇಷ್ಟು ಸುಲಭವಾದ ಮಾತಿನ ಬಗೆಗೆ ಒಂದು ಭಾಷಣವೇ ಬೇಕೆ ಎಂದು ಕೇಳುಗರಲ್ಲಿ ಕೆಲವರಿಗೆ ಅನಿಸಬಹುದು. ನಾನೂ ಒಂದು ಕಾಲದಲ್ಲಿ ಹಾಗೆಯೇ ಎಣಿಸಿದ್ದವನು. ಮುಂಡರಗಿಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಇಂಗ್ಲಿಷ್ ಕಲಿಸಿದೆ. ಕ್ಲಿಷ್ಟವಾದ ಪದಗಳಲ್ಲಿ ನಾನು ಎಡವಿದ್ದು ಕಡಿಮೆ. ಎಡವಿದ್ದು ಈ ‘ಓನ್ಲಿ’ಯಲ್ಲಿ. ಎಡವಿದವನು ನಾನು, ಪೆಟ್ಟು ತಿಂದವನು ನನ್ನ ವಿದ್ಯಾರ್ಥಿ.

ಅದು 1970ರ ದಶಕದ ಸಂಗತಿ. ಮುಂಡರಗಿ ಆಗ ಧಾರವಾಡ ಜಿಲ್ಲೆಗೆ ಸೇರಿತ್ತು. ನಾನು ನೌಕರಿಗೆ ಸೇರಿ ಎರಡೋ ಮೂರೋ ವರ್ಷವಾಗಿತ್ತು. ತುಂಗಭದ್ರೆಯ ದಂಡೆಯ ಒಂದು ಹಳ್ಳಿಯಿಂದ ಬರುತ್ತಿದ್ದ ಹುಡುಗನೊಬ್ಬ ಎಸ್ಸೆಸ್ಸೆಲ್ಸಿ ಮುಗಿಸಿ, ಒಂದು ಕಚೇರಿಯವರು ಕರೆದ ಗುಮಾಸ್ತೆಯ ತರಬೇತಿಗೆ ಅರ್ಜಿ ಹಾಕಿದ್ದ. ಅರ್ಜಿ ತಲುಪಲು ಕೊನೆಯ ದಿನ ತಿಂಗಳ ಇಪ್ಪತ್ತೈದು. ಇವನು ಹತ್ತನೆಯ ತಾರೀಖಿನಂದೇ ಅಂಚೆಗೆ ಹಾಕಿದ್ದ. ಅದು ಎಲ್ಲಿ ತಡವಾಯಿತೋ, ಕೊನೆಯ ದಿನ ಕಳೆದ ಮೇಲೆ ತಲುಪಿತು. ತಡಕ್ಕೆ ಕಾರಣ ತಿಳಿಸಿದರೆ ಪರಿಶೀಲಿಸಲಾಗುವುದು ಎಂದು ಕಚೇರಿಯಿಂದ ಒಂದು ಕಾಗದ ಬಂದಿತು. ಹುಡುಗ ಉತ್ತರ ಬರೆದುಕೊಂಡು ನನ್ನ ಮನೆಗೆ ಬಂದ.

‘ಸರ, ಒಂದೀಟು ನೋಡಿ ತಿದ್ದಿ ಕೊಡ್ರಿ. ನಾನು ಹತ್ತನೇ ತಾರೀಖಿಗಽ ಹಾಕೀನ್ರಿ’ ಎಂದ.

ಅವನ ಕಾಗದದಲ್ಲಿ ಒಂದು ವಾಕ್ಯ ಹೀಗಿತ್ತು: ‘ಐ ಪೋಸ್ಟೆಡ್ ಮೈ ಅಪ್ಲಿಕೇಶನ್ ಆನ್ ದ ಟೆಂತ್ ಓನ್ಲಿ.’ ನಾನು ಕೆಂಪು ಮಸಿಯ ಪೆನ್ನು ಹಿಡಿದೆ. ‘ಓನ್ಲಿ’ ಎಂಬುದು ತಾನು ಸಂಬಂಧಿಸಿದ ಮಾತಿಗಿಂತ ಮುಂಚೆ ಬರಬೇಕೆಂಬ ನಿಯಮವನ್ನು ಆ ವಾರವೇ ವರ್ಗದಲ್ಲಿ ಹೇಳಿದ್ದೆ. ‘ಯಾಕಪಾ, ಇಷ್ಟು ಹೇಳಿದರೂ ಬಾಲಕ್ಕೇ ಕಟ್ಟೀಯಲ್ಲ’ ಎಂದು ನಗುತ್ತ, ಆ ಮಾತನ್ನು ಹಿಂದಿನಿಂದ ಕಿತ್ತು ಮುಂದಕ್ಕೆ ತಂದೆ: ‘ಐ ಪೋಸ್ಟೆಡ್ ಮೈ ಅಪ್ಲಿಕೇಶನ್ ಓನ್ಲಿ ಆನ್ ದ ಟೆಂತ್.’ ವ್ಯಾಕರಣ ನೆಟ್ಟಗಾಯಿತು. ಹುಡುಗ ಅದನ್ನು ದುಂಡಗೆ ನಕಲು ಮಾಡಿ ಕಳಿಸಿದ.

ಹದಿನೈದು ದಿನಕ್ಕೆ ಉತ್ತರ ಬಂತು. ಅರ್ಜಿಯನ್ನು ಹತ್ತನೆಯ ತಾರೀಖಿನವರೆಗೂ ಕಳಿಸದೆ ತಡಮಾಡಿದ್ದನ್ನು ತಾವೇ ಒಪ್ಪಿಕೊಂಡಿರುವುದರಿಂದ ವಿಳಂಬವನ್ನು ಮನ್ನಿಸಲು ಬರುವುದಿಲ್ಲ ಎಂಬುದು ಅದರ ಸಾರ. ಅದನ್ನು ಓದಿ ನನಗೆ ಮೊದಲು ಸಿಟ್ಟು ಬಂತು. ಆಮೇಲೆ ನಾನೇ ತಿದ್ದಿದ ವಾಕ್ಯವನ್ನು ಇಂಗ್ಲಿಷರ ಕಿವಿಯಿಂದ ಕೇಳಿ ನೋಡಿದೆ. ಅದು ಹೇಳುತ್ತಿದ್ದುದು ‘ಹತ್ತಕ್ಕೇ ಹಾಕಿದೆ’ ಎಂದಲ್ಲ, ‘ಹತ್ತಕ್ಕಷ್ಟೇ ಹಾಕಿದೆ’, ಅಂದರೆ ಅದಕ್ಕೂ ಮೊದಲು ಹಾಕಲಿಲ್ಲ ಎಂದು. ಹುಡುಗ ಬರೆದ ವಾಕ್ಯ ಅಡ್ಡಾದಿಡ್ಡಿಯಾಗಿತ್ತು. ಆದರೂ ನಮ್ಮವರಾರಾದರೂ ಓದಿದ್ದರೆ ಅವನ ಮನಸ್ಸು ತಿಳಿಯುತ್ತಿತ್ತು. ನಾನು ಅದನ್ನು ತಿದ್ದಿ, ಅವನ ಮಾತನ್ನು ಅವನ ವಿರುದ್ಧವೇ ಸಾಕ್ಷಿಯಾಗಿ ನಿಲ್ಲಿಸಿದ್ದೆ. ಆ ವರ್ಷ ಅವನು ತರಬೇತಿಗೆ ಹೋಗಲಿಲ್ಲ. ತಂದೆಯೊಡನೆ ಹೊಲಕ್ಕೆ ಹೋದ. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ತಪ್ಪು ಸರಂದು ಎಂದು ಅವನಿಗೆ ಹೊಳೆದೇ ಇರಲಿಲ್ಲ ಎಂಬುದು ನನಗೆ ಇನ್ನಷ್ಟು ನೋವಿನ ಸಂಗತಿ.

ಇಷ್ಟಕ್ಕೂ ಗಂಟು ಎಲ್ಲಿದೆ? ಅದು ಇಂಗ್ಲಿಷಿನಲ್ಲಿ ಇರುವುದಕ್ಕಿಂತ ಹೆಚ್ಚಾಗಿ ನಮ್ಮ ಕನ್ನಡದಲ್ಲಿದೆ. ಕನ್ನಡದಲ್ಲಿ ಪದದ ಕೊನೆಗೆ ಒಂದು ಏಕಾರ ಹಚ್ಚುತ್ತೇವೆ: ನಾನೇ, ಅವನೇ, ಇಲ್ಲಿಯೇ, ಇಂದೇ. ನಮ್ಮ ಕಡೆಯ ಆಡುಮಾತಿನಲ್ಲಿ ಅದು ಎಷ್ಟೋ ವೇಳೆ ಎಳೆದ ಅಕಾರವಾಗಿ ಕೇಳುತ್ತದೆ: ನಾನಽ, ಅವನಽ. ಶಾಲೆಯ ವ್ಯಾಕರಣದಲ್ಲಿ ಇದಕ್ಕೆ ಅವಧಾರಣಾರ್ಥಕಾವ್ಯಯ ಎಂಬ ಉದ್ದವಾದ ಹೆಸರನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಬಾಯಿಪಾಠ ಮಾಡಿದೆವು, ಅದು ಮಾಡುವ ಕೆಲಸವನ್ನು ಮಾತ್ರ ನೋಡಲಿಲ್ಲ. ಒಂದೇ ಅಕ್ಷರ, ಅದರ ಕೆಲಸ ಒಂದೇ ಅಲ್ಲ.

ಸಂಸ್ಕೃತದಲ್ಲಿ ನಮ್ಮ ಏಕಾರಕ್ಕೆ ಸಮನಾದದ್ದು ‘ಏವ’ ಎಂಬ ಮಾತು. ಅದರ ಕೆಲಸಗಳನ್ನು ಹಿಂದಿನ ತಾರ್ಕಿಕರು ಬಹಳ ಕೂಲಂಕಷವಾಗಿ ವಿಚಾರಿಸಿದ್ದಾರೆ. ಏಳನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿ ಅದರಲ್ಲಿ ಮೂರು ಬಗೆಗಳನ್ನು ಗುರುತಿಸಿದ. ಅವನ ಉದಾಹರಣೆಗಳನ್ನು ನಮ್ಮ ಮಾತಿನಲ್ಲಿ ಹೀಗೆ ಇಟ್ಟುಕೊಳ್ಳಬಹುದು. ಪಾರ್ಥನೇ ಬಿಲ್ಲುಗಾರ ಎಂದರೆ ಆ ಬಿಲ್ಗಾರಿಕೆ ಮತ್ತೊಬ್ಬರಲ್ಲಿ ಇಲ್ಲ ಎಂದು ಉಳಿದವರನ್ನು ಹೊರಗಿಟ್ಟಂತಾಯಿತು. ಚೈತ್ರ ಎಂಬವನು ಬಿಲ್ಲುಗಾರನೇ ಎಂದರೆ ಯಾರನ್ನೂ ಹೊರಗಿಡಲಿಲ್ಲ. ಅವನು ಬಿಲ್ಲುಗಾರನಲ್ಲವೇನೋ ಎಂಬ ಸಂಶಯವನ್ನಷ್ಟೇ ಕಳೆದೆವು. ಇನ್ನು, ತಾವರೆ ನೀಲಿಯದೂ ಇದ್ದೇ ಇರುತ್ತದೆ ಎಂದರೆ ಅಂಥದು ಸರ್ವಥಾ ಇಲ್ಲವೆಂಬ ವಾದವನ್ನು ತಳ್ಳಿಹಾಕಿದಂತೆ. ಗದುಗಿನ ಭಾರತವನ್ನು ಕೇಳಿ ಬೆಳೆದ ನಮ್ಮ ಸೀಮೆಯವರಿಗೆ ಪಾರ್ಥನ ಉದಾಹರಣೆ ಮನಸ್ಸಿನಲ್ಲಿ ನಿಲ್ಲುವುದು ಕಷ್ಟವಲ್ಲ.

ಈ ಮೂರರಲ್ಲಿ ಇಂಗ್ಲಿಷಿನ ‘ಓನ್ಲಿ’ ಒಪ್ಪಿಕೊಳ್ಳುವುದು ಮೊದಲನೆಯ ಕೆಲಸವನ್ನು. ಆ ಮಾತು ಹುಟ್ಟಿದ್ದೇ ‘ಒಂದು’ ಎಂಬ ಅರ್ಥದ ಶಬ್ದದಿಂದ. ಹಳೆಯ ಇಂಗ್ಲಿಷಿನಲ್ಲಿ ಅದರ ಮೂಲ ರೂಪಕ್ಕೆ ‘ಒಂದರಂತಿರುವ’ ಎಂದು ಅರ್ಥ. ಒಂದನ್ನು ಒಳಗಿಟ್ಟು ಉಳಿದುದನ್ನೆಲ್ಲ ಹೊರಗೆ ನಿಲ್ಲಿಸುವುದು ಅದರ ಹುಟ್ಟುಗುಣ. ನಾವಾದರೋ ಒತ್ತಿ ಹೇಳುವುದಕ್ಕೆ, ಭರವಸೆ ಕೊಡುವುದಕ್ಕೆ, ಸಂಶಯ ಕಳೆಯುವುದಕ್ಕೆ, ಎಲ್ಲದಕ್ಕೂ ಏಕಾರವನ್ನೇ ಬಳಸುತ್ತೇವೆ. ಇಂಗ್ಲಿಷಿಗೆ ಹೋದಾಗ ಆ ಎಲ್ಲ ಏಕಾರಗಳ ಜಾಗದಲ್ಲಿ ‘ಓನ್ಲಿ’ಯನ್ನು ಕೂರಿಸುತ್ತೇವೆ.

ನಾವು ಅಂದರೆ ಕನ್ನಡಿಗರಷ್ಟೇ ಅಲ್ಲ. ಮರಾಠಿಯ ‘ಚ’, ಹಿಂದಿಯ ‘ಹೀ’, ತಮಿಳಿನ ‘ದಾನ್’ ಇವುಗಳ ಸ್ವಭಾವವೂ ಬಹುಮಟ್ಟಿಗೆ ಇಂಥದೇ. ಆದ್ದರಿಂದ ಭಾರತದ ಉದ್ದಗಲಕ್ಕೂ ಈ ‘ಓನ್ಲಿ’ ಒಂದೇ ರೀತಿಯಲ್ಲಿ ಕೇಳಿಬರುತ್ತದೆ. ‘ವೀ ಆರ್ ಲೈಕ್ ದಟ್ ಓನ್ಲಿ’ ಎಂಬುದು ನಮ್ಮನ್ನು ನಾವೇ ಹಾಸ್ಯ ಮಾಡಿಕೊಳ್ಳುವ ಮಾತಾಗಿಬಿಟ್ಟಿದೆ. ಭಾಷಾವಿಜ್ಞಾನಿಗಳು ಇದನ್ನು ತಪ್ಪೆಂದು ಹೊಡೆದುಹಾಕದೆ, ಭಾರತೀಯ ಇಂಗ್ಲಿಷಿನ ಒಂದು ಲಕ್ಷಣವೆಂದು ಅಭ್ಯಾಸ ಮಾಡಿದ್ದಾರೆ. ಜರ್ಮನಿಯ ಕ್ಲಾಡಿಯಾ ಲಾಂಗೆ ಎಂಬ ವಿದುಷಿ 2007ರಲ್ಲಿ ಈ ಬಗೆಗೆ ಒಂದು ಪ್ರಬಂಧವನ್ನೇ ಪ್ರಕಟಿಸಿದರು. ನನಗೂ ಅದು ಸರಿಯೆನಿಸುತ್ತದೆ. ನಾವು ನಾವೇ ಮಾತಾಡುವಾಗ ‘ಐ ಆಮ್ ಹಿಯರ್ ಓನ್ಲಿ’ ಎಂದರೆ ಯಾರಿಗೂ ತೊಡಕಿಲ್ಲ. ನಗಬೇಕಾದ ಕಾರಣವೂ ಇಲ್ಲ. ತೊಡಕು ಬರುವುದು ಕಾಗದದ ಆಚೆ ತುದಿಯಲ್ಲಿ ಕುಳಿತವರು ಕನ್ನಡದ ಏಕಾರವನ್ನು ಕಾಣದೆ ಇಂಗ್ಲಿಷಿನ ಅಕ್ಷರಾರ್ಥವನ್ನೇ ಹಿಡಿದಾಗ.

ಹಾಗಾದರೆ ಮಾಡಬೇಕಾದದ್ದೇನು? ಆ ಹುಡುಗನ ಪ್ರಸಂಗದ ಮೇಲೆ ನಾನು ವರ್ಗದಲ್ಲಿ ಒಂದು ಪದ್ಧತಿ ಇಟ್ಟುಕೊಂಡೆ. ಮೊದಲು ಕನ್ನಡದ ವಾಕ್ಯ ಹೇಳಬೇಕು. ಅದರ ಮುಂದೆ ‘ಬೇರೆ ಯಾವುದೂ ಇಲ್ಲ’ ಎಂದೋ ‘ಬೇರೆ ಯಾರೂ ಇಲ್ಲ’ ಎಂದೋ ಸೇರಿಸಿ ನೋಡಬೇಕು. ಸೇರಿಸಿದರೂ ನಾವು ಹೇಳಬೇಕೆಂದಿದ್ದ ಅರ್ಥವೇ ಉಳಿದರೆ ‘ಓನ್ಲಿ’ಗೆ ಅಲ್ಲಿ ಜಾಗವುಂಟು. ಅರ್ಥ ಬೇರೆ ದಾರಿ ಹಿಡಿದರೆ ‘ಓನ್ಲಿ’ಯನ್ನು ಮುಟ್ಟಬಾರದು. ‘ನನ್ನ ಹತ್ತಿರ ಐದೇ ರೂಪಾಯಿ ಇದೆ’, ಬೇರೆ ಹಣವಿಲ್ಲ, ‘ಐ ಹ್ಯಾವ್ ಓನ್ಲಿ ಫೈವ್ ರುಪೀಸ್’, ಸರಿ. ‘ನಾನು ಮುಂಡರಗಿಯಲ್ಲೇ ಇದ್ದೇನೆ’ ಎಂದು ಫೋನಿನಲ್ಲಿ ಹೇಳುತ್ತೇವೆ. ಅಲ್ಲಿ ‘ಬೇರೆ ಊರಿನಲ್ಲಿಲ್ಲ’ ಎಂಬ ಲೆಕ್ಕ ನಮ್ಮ ಮನಸ್ಸಿನಲ್ಲಿ ಇರುವುದಿಲ್ಲ. ಊರು ಬಿಟ್ಟಿಲ್ಲ, ಬಂದರೆ ಸಿಗುತ್ತೇನೆ ಎಂಬುದಷ್ಟೇ ಭಾವ. ಅದಕ್ಕೆ ಇಂಗ್ಲಿಷರು ‘ಐ ಆಮ್ ರೈಟ್ ಹಿಯರ್ ಇನ್ ಮುಂಡರಗಿ’ ಎಂದಾರು, ಅಥವಾ ‘ಐ ಆಮ್ ಸ್ಟಿಲ್ ಇನ್ ಮುಂಡರಗಿ’ ಎಂದಾರು. ‘ಈ ಹೊತ್ತೇ ಬಾ’ ಎಂಬುದಕ್ಕೆ ‘ಕಮ್ ದಿಸ್ ವೆರಿ ಡೇ’. ‘ನಾನೇ ಹೇಳಿದೆ’ ಎಂಬುದಕ್ಕೆ ‘ಐ ಮೈಸೆಲ್ಫ್ ಸೆಡ್ ಇಟ್’, ಇಲ್ಲವೆ ‘ಇಟ್ ವಾಸ್ ಐ ಹೂ ಸೆಡ್ ಇಟ್’.

ಇದಕ್ಕಿಂತ ಸರಳವಾದ ಉಪಾಯವೊಂದು ಇಂಗ್ಲಿಷರಲ್ಲಿದೆ. ಅದು ದನಿಯ ಒತ್ತು. ನಾವು ಅಕ್ಷರ ಸೇರಿಸಿ ಸಾಧಿಸುವುದನ್ನು ಅವರು ದನಿ ಏರಿಸಿ ಸಾಧಿಸುತ್ತಾರೆ. ‘ಐ ಟೋಲ್ಡ್ ಹಿಮ್’ ಎಂಬ ಮೂರೇ ಪದಗಳು. ‘ಐ’ ಮೇಲೆ ಒತ್ತಿದರೆ ನಾನೇ ಹೇಳಿದೆ, ‘ಹಿಮ್’ ಮೇಲೆ ಒತ್ತಿದರೆ ಅವನಿಗೇ ಹೇಳಿದೆ, ‘ಟೋಲ್ಡ್’ ಮೇಲೆ ಒತ್ತಿದರೆ ಹೇಳಿಯೇ ಹೇಳಿದೆ. 1963ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಗೆ ನಾನು ತರಬೇತಿಗೆ ಹೋದಾಗ ಟೇಪ್ ರಿಕಾರ್ಡರಿನಲ್ಲಿ ಇಂಥ ವಾಕ್ಯಗಳನ್ನು ಕೇಳಿ ಕೇಳಿ ಕಿವಿ ಪಳಗಿಸಿಕೊಂಡೆ. ಅಲ್ಲಿಗೆ ಮೊದಲೇ ಹೋಗಿದ್ದರೆ ಎಂದು ಅಂದುಕೊಂಡದ್ದೂ ಉಂಟು. ಬಾನುಲಿಯಲ್ಲಿ ಈ ಒತ್ತನ್ನು ಹೇಳಿ ತೋರಿಸಬಹುದು. ಇದನ್ನು ಅಚ್ಚಿನಲ್ಲಿ ಕಾಣುವವರು ತಾವೇ ಗಟ್ಟಿಯಾಗಿ ಓದಿಕೊಳ್ಳಬೇಕು. ಕಾಗದದಲ್ಲಿ ದನಿಯೇ ಇಲ್ಲವಾದ್ದರಿಂದ ಅಲ್ಲಿ ‘ವೆರಿ’, ‘ರೈಟ್’, ‘ಮೈಸೆಲ್ಫ್’ ಮೊದಲಾದ ಮಾತುಗಳ ಆಸರೆ ಬೇಕಾಗುತ್ತದೆ.

ಎಲ್ಲಕ್ಕಿಂತ ಅಪಾಯದ ಜಾಗ ಕಾಲವನ್ನು ಹೇಳುವ ವಾಕ್ಯಗಳು. ಉಳಿದ ಕಡೆ ತಪ್ಪಿದರೆ ಅರ್ಥ ಮಸುಕಾಗುತ್ತದೆ. ಇಲ್ಲಿ ತಪ್ಪಿದರೆ ತಲೆಕೆಳಗಾಗುತ್ತದೆ. ಕನ್ನಡದಲ್ಲಿ ‘ನಿನ್ನೆಯೇ ಬಂದ’ ಎಂದರೆ ಬೇಗ ಬಂದ, ಎಣಿಸಿದ್ದಕ್ಕಿಂತ ಮುಂಚೆ ಬಂದ ಎಂಬ ಭಾವ. ‘ನಿನ್ನೆಯಷ್ಟೇ ಬಂದ’ ಎಂದರೆ ಬಂದು ಬಹಳ ಹೊತ್ತಾಗಿಲ್ಲ, ಅದಕ್ಕೂ ಮೊದಲು ಇರಲಿಲ್ಲ ಎಂಬ ಭಾವ. ‘ಹಿ ಕೇಮ್ ಓನ್ಲಿ ಯೆಸ್ಟರ್‌ಡೇ’ ಎಂಬುದು ಈ ಎರಡನೆಯದರ ಜೋಡಿ. ಮೊದಲನೆಯದಕ್ಕೆ ಅದು ವಿರುದ್ಧ. ‘ಅಷ್ಟೇ’ ಮತ್ತು ‘ಏ’ ಇವೆರಡರ ನಡುವಣ ಈ ಅಂತರ ನಮ್ಮ ಅಕ್ಷರಬಾರದ ಅಜ್ಜಿಯರಿಗೂ ಚೆನ್ನಾಗಿ ಗೊತ್ತು. ಬಾಳ್ವೆಯಲ್ಲಿ ಒಮ್ಮೆಯೂ ಅವರು ಅದನ್ನು ಅದಲುಬದಲು ಮಾಡಲಾರರು. ಇಂಗ್ಲಿಷ್ ಕಲಿತ ನಾವು, ಎರಡಕ್ಕೂ ಒಂದೇ ‘ಓನ್ಲಿ’ ಎಂದು ಪಾಠ ಹೇಳಿ ಆ ಅಂತರವನ್ನು ಅಳಿಸಿಬಿಟ್ಟೆವು.

ನಮ್ಮ ನಾಡಿನ ಚರಿತ್ರೆಯಿಂದಲೇ ಒಂದು ವಾಕ್ಯ ತೆಗೆದುಕೊಳ್ಳೋಣ. ‘ಕನ್ನಡನಾಡು 1956ರಲ್ಲಿಯೇ ಒಂದಾಯಿತು; ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಷ್ಟೇ.’ ಇಲ್ಲಿ ಮೊದಲ ವರ್ಷಕ್ಕೆ ಹತ್ತಿದ್ದು ಏಕಾರ, ಎರಡನೆಯದಕ್ಕೆ ಹತ್ತಿದ್ದು ‘ಅಷ್ಟೇ’. ಇಂಗ್ಲಿಷಿನಲ್ಲಿ ‘ಓನ್ಲಿ’ ಬರಬೇಕಾದದ್ದು 1973ರ ಮುಂದೆ. 1956ಕ್ಕೆ ಅದನ್ನು ಹಚ್ಚಿದರೆ ನಾಡು ತಡವಾಗಿ ಒಂದಾಯಿತೆಂಬ ದೂರು ಆಗುತ್ತದೆ. ಹಾಗೆ ದೂರುವವರು ಆಗಲೂ ಇದ್ದರು, ಆ ಮಾತು ಬೇರೆ. 1956ಕ್ಕೆ ‘ಆಸ್ ಅರ್ಲಿ ಆಸ್’ ಎಂದೋ ‘ಆಲ್ರೆಡಿ’ ಎಂದೋ ಹೇಳಬೇಕು. ಹೀಗೆಯೇ, ‘1997ರಲ್ಲಷ್ಟೇ ಗದಗ ಜಿಲ್ಲೆಯಾಯಿತು’ ಎಂಬಲ್ಲಿ ‘ಓನ್ಲಿ ಇನ್ 1997’ ಎನ್ನುವುದು ನೆಟ್ಟಗಿದೆ.

‘ಮಾತ್ರ’ ಎಂಬುದನ್ನೂ ಪೂರ್ತಿ ನಂಬುವಂತಿಲ್ಲ. ‘ಬೀಗರು ಬಂದರು, ಊಟ ಮಾತ್ರ ಮಾಡಲಿಲ್ಲ’ ಎನ್ನುತ್ತೇವೆ. ಅಲ್ಲಿ ‘ಮಾತ್ರ’ ಎಂಬುದು ‘ಆದರೆ’ ಎಂಬುದರ ಕೆಲಸ ಮಾಡುತ್ತಿದೆ. ಇದನ್ನು ‘ಓನ್ಲಿ’ ಹಾಕಿ ಇಂಗ್ಲಿಷಿಗೆ ತಿರುಗಿಸಿದ ಹುಡುಗರ ಉತ್ತರಪತ್ರಿಕೆಗಳನ್ನು ನಾನು ಎಷ್ಟೋ ನೋಡಿದ್ದೇನೆ. ಬೀಗರು ಊಟವೊಂದನ್ನಲ್ಲದೆ ಬೇರೇನನ್ನೋ ಮಾಡಿದರೆಂಬಂತೆ ಅವು ಓದಿಸಿಕೊಳ್ಳುತ್ತವೆ.

ಇನ್ನು ಈ ಮಾತನ್ನು ಎಲ್ಲಿ ಇಡಬೇಕೆಂಬ ಪ್ರಶ್ನೆ. ನಮ್ಮ ಏಕಾರವೂ ‘ಮಾತ್ರ’ವೂ ಪದದ ಬೆನ್ನಿಗೆ ಬರುತ್ತವೆ; ಅವರ ‘ಓನ್ಲಿ’ ಸಾಮಾನ್ಯವಾಗಿ ಎದೆಗೆ ಬರುತ್ತದೆ. ‘ಬಸವ್ವ ಸೋಲ್ಡ್ ಕಾಟನ್ ಇನ್ ಗದಗ’ ಎಂಬ ವಾಕ್ಯವಿರಲಿ. ‘ಓನ್ಲಿ ಬಸವ್ವ’ ಎಂದು ಮೊದಲಿಗೇ ಹೇಳಿದರೆ ಉಳಿದವರು ಮಾರಲಿಲ್ಲ. ‘ಓನ್ಲಿ ಕಾಟನ್’ ಎಂದರೆ ಹತ್ತಿಯನ್ನು ಮಾರಿದಳು, ಶೇಂಗಾ ಮಾರಲಿಲ್ಲ. ‘ಓನ್ಲಿ ಇನ್ ಗದಗ’ ಎಂದರೆ ಹುಬ್ಬಳ್ಳಿಗೆ ಒಯ್ಯಲಿಲ್ಲ. ಒಂದೇ ಮಾತು ಮೂರು ಹೆಜ್ಜೆ ಸರಿದರೆ ಬಸವ್ವನ ವ್ಯಾಪಾರವೇ ಮೂರು ತೆರನಾಗುತ್ತದೆ. ಇದರಲ್ಲಿಯೂ ತೀರ ಬಿಗಿ ಬೇಡ. ‘ಐ ಓನ್ಲಿ ಹ್ಯಾವ್ ಫೈವ್ ರುಪೀಸ್’ ಎಂದು ಕ್ರಿಯಾಪದದ ಮುಂದೆಯೇ ಅದನ್ನು ಇಡುವುದು ಇಂಗ್ಲಿಷರ ದಿನಬಳಕೆಯಲ್ಲಿ ಸಹಜ. ಅರ್ಥಕ್ಕೆ ಧಕ್ಕೆ ಬಾರದಿದ್ದಾಗ ಇಂಥದನ್ನು ತಿದ್ದುತ್ತ ಕೂರುವ ಪಂಡಿತರನ್ನು ಫೌಲರ್ ಎಂಬ ಇಂಗ್ಲಿಷ್ ಕೋಶಕಾರ 1926ರಲ್ಲಿ ಪ್ರಕಟಿಸಿದ ತನ್ನ ಪ್ರಯೋಗಕೋಶದಲ್ಲಿ ಚೆನ್ನಾಗಿಯೇ ಕುಟುಕಿದ್ದಾನೆ. ಅದನ್ನು ಓದಿದಾಗ ನನ್ನ ಕೆಂಪು ಪೆನ್ನು ನೆನಪಾಗಿ ನಾಚಿಕೆಯಾಯಿತು.

ವರ್ಗದಲ್ಲಿ ಒಬ್ಬ ಹುಡುಗಿ ಎದ್ದು ನಿಂತು ಕೇಳಿದ್ದಳು: ‘ಸರ, ಮುಂದ ಬರಬೇಕು ಅಂತೀರಿ. ಬ್ಯಾಂಕಿನ ಚೆಕ್ಕಿನ್ಯಾಗ ರುಪೀಸ್ ಫೈವ್ ಹಂಡ್ರೆಡ್ ಓನ್ಲಿ ಅಂತ ಹಿಂದಽ ಬರೀತಾರಲ್ರೀ?’ ಒಳ್ಳೆಯ ಪ್ರಶ್ನೆ. ಅಂದು ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಚೆಕ್ಕಿನಲ್ಲಿ ಅದು ಹಿಂದೆ ಬರುವುದು ಕಾವಲಿಗಾಗಿ. 1881ರ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 18ನೆಯ ಕಲಮಿನಂತೆ, ಅಂಕಿಯಲ್ಲಿ ಬರೆದ ಮೊತ್ತಕ್ಕೂ ಅಕ್ಷರದಲ್ಲಿ ಬರೆದ ಮೊತ್ತಕ್ಕೂ ವ್ಯತ್ಯಾಸ ಬಂದರೆ ಅಕ್ಷರದ್ದೇ ನಿಲ್ಲುತ್ತದೆ. ಆದ್ದರಿಂದ ‘ಫೈವ್ ಹಂಡ್ರೆಡ್’ ಎಂಬುದರ ಮುಂದಿನ ಖಾಲಿ ಜಾಗದಲ್ಲಿ ಯಾರೋ ‘ಅಂಡ್ ನೈಂಟಿ’ ಎಂದು ಸೇರಿಸಿದರೆ ಗೋಳು. ಮೊತ್ತ ಮುಗಿದ ಕೂಡಲೆ ‘ಓನ್ಲಿ’ ಎಂಬ ಅಗಳಿ ಹಾಕಿಬಿಟ್ಟರೆ ಒಳಗೆ ನುಗ್ಗಲು ಸಂದಿಲ್ಲ. ಕನ್ನಡದಲ್ಲಿ ಚೆಕ್ಕು ಬರೆಯುವವರು ‘ಐದು ನೂರು ರೂಪಾಯಿಗಳು ಮಾತ್ರ’ ಎಂದು ಬರೆಯುವುದೂ ಇದಕ್ಕೇ. ‘ಲೇಡೀಸ್ ಓನ್ಲಿ’, ‘ಮೆಂಬರ್ಸ್ ಓನ್ಲಿ’ ಎಂಬ ಹಲಗೆಗಳಲ್ಲಿಯೂ ಅದು ಹಿಂದೆಯೇ ನಿಂತಿದೆ. ಸ್ಥಾನ ಬದಲಾದರೂ ಗುಣ ಬದಲಾಗಿಲ್ಲ ಎಂಬುದನ್ನು ಗಮನಿಸಬೇಕು: ಅಲ್ಲಿಯೂ ಉಳಿದವರನ್ನು ಹೊರಗಿಡುವುದೇ ಅದರ ಕೆಲಸ.

‘ಓನ್ಲಿ ಸನ್’ ಎಂಬ ಪ್ರಯೋಗದ ಬಗೆಗೂ ಒಂದು ಮಾತು ಹೇಳಬೇಕು, ಏಕೆಂದರೆ ವರ ನೋಡುವವರ ಕಾಗದಗಳಲ್ಲಿ ಇದು ಬರುತ್ತದೆ. ‘ಹಿ ಈಸ್ ಅನ್ ಓನ್ಲಿ ಸನ್’ ಎಂದರೆ ತಾಯಿತಂದೆಗಳಿಗೆ ಒಬ್ಬನೇ ಮಗ. ‘ಹಿ ಈಸ್ ಓನ್ಲಿ ಎ ಸನ್’ ಎಂದರೆ ಬರೀ ಮಗ, ಅವನ ಮಾತು ಮನೆಯಲ್ಲಿ ನಡೆಯದು ಎಂಬ ಧ್ವನಿ ಬಂದೀತು. ಕನ್ಯೆಯ ಕಡೆಯವರು ಓದುವ ಮೊದಲು ನೋಡಿಕೊಳ್ಳುವುದು ಲೇಸು.

ಆ ಹುಡುಗನ ಸಂಗತಿ ಹೇಳದೆ ಉಳಿಯಿತು. ಎರಡು ವರ್ಷ ಹೊಲದಲ್ಲಿ ದುಡಿದು ಮತ್ತೆ ಬೇರೆ ಕಡೆ ಅರ್ಜಿ ಹಾಕಿದ. ಆ ಅರ್ಜಿಯನ್ನು ನನಗೆ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ನೌಕರಿ ಸಿಕ್ಕಿತು, ಬಡ್ತಿ ಬಂತು, ಈಗ ಅವನೂ ನಿವೃತ್ತನಾಗಿದ್ದಾನೆ. ಬಹಳ ವರ್ಷಗಳ ಮೇಲೆ ಒಂದು ಮದುವೆಯಲ್ಲಿ ಸಿಕ್ಕಾಗ ಅವನ ಮುಂದೆ ಆ ವಾಕ್ಯವನ್ನು ಎತ್ತಿದೆ. ನನ್ನ ತಿದ್ದುಪಡಿಯಿಂದ ಅದರ ಅರ್ಥ ಹೇಗೆ ತಿರುಗಿತೆಂಬುದನ್ನು ವಿವರಿಸಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

‘ಹಂಗಾದ್ರ ಏನಂತ ಬರೀಬೇಕಾಗಿತ್ತು ಸರ?’ ಎಂದು ಕೇಳಿದ.

‘ಐ ಪೋಸ್ಟೆಡ್ ಮೈ ಅಪ್ಲಿಕೇಶನ್ ಆಸ್ ಅರ್ಲಿ ಆಸ್ ದ ಟೆಂತ್’ ಎಂದು ಹೇಳಿದೆ. ಅವನು ಅದನ್ನು ಬಾಯಲ್ಲಿ ಎರಡು ಸಲ ಅಂದುಕೊಂಡ; ಆಮೇಲೆ, ‘ಊಟಕ್ಕ ಏಳ್ರಿ ಸರ, ಪಂಕ್ತಿ ಕೂತದ’ ಎಂದು ನನ್ನ ಕೈ ಹಿಡಿದು ಎಬ್ಬಿಸಿದ.